ತೊಟ್ಟಿಲ ಹೊತ್ತಿಗೆ ಕೆಂಪು ಲೈಟು

"ಏ ರಂಜೂ, ಇದ್ಯಾಕ ಕೆಂಪು ಲೈಟ್ ಹತ್ತೈತಿ?"

ಅಪ್ಪ ಗುರುಪಾದ ಸ್ಟೂಲ್ ಮೇಲೆ ನಿಂತು, ಕಪಾಟಿನ ಮೇಲಿದ್ದ ಜೋಳದ ಹಿಟ್ಟಿನ ಡಬ್ಬಿ ಸರಿಸಿ ಕೇಳಿದ. ಡಬ್ಬಿಯ ಹಿಂದೆ ಹೊಸ ವೈಫೈ ಪೆಟ್ಟಿಗೆ ಕೂತಿತ್ತು. ನಿನ್ನೆಯವರೆಗೆ ಹಸಿರಾಗಿ ಮಿನುಗುತ್ತಿದ್ದದ್ದು ಈಗ ಕೆಂಪು ಕಣ್ಣು ಬಿಟ್ಟಿತ್ತು. ಮುಂಬೈಯ ಆಂಟಾಪ್ ಹಿಲ್‌ನಿಂದ ದಾದರ್‌ವರೆಗಿನ ಎಲ್ಲ ಸಿಗ್ನಲ್‌ಗಳನ್ನು ಒಂದೇ ಕಡೆ ಗುಡ್ಡೆ ಹಾಕಿದರೂ ಅಷ್ಟು ಕೆಂಪಾಗಲಾರದು!

ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು. ಹನ್ನೆರಡು ಹತ್ತಕ್ಕೆ ಜಮಖಂಡಿಯಲ್ಲಿ ರಂಜನಾಳ ತಂಗಿಯನ್ನು ತೊಟ್ಟಿಲಿಗೆ ಹಾಕುವವರಿದ್ದರು.

ಅವ್ವ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅಪ್ಪನಿಗೆ ಕಟ್ಟಡದ ಕೆಲಸದಲ್ಲಿ ಭಾನುವಾರ ಒಂದೇ ರಜೆ. ರಂಜನಾಳಿಗೆ ಸೋಮವಾರ ಮ್ಯಾಥ್ಸ್ ಪರೀಕ್ಷೆ. ಹಾಗಾಗಿ ಇಬ್ಬರೂ ಊರಿಗೆ ಹೋಗುವಂತಿರಲಿಲ್ಲ.

ಆದರೆ ಕೂಸಿಗೆ ಹೆಸರಿಡುವವಳು ರಂಜನಾಳೇ. ಹಾಗೆಂದು ಅವ್ವ ಮಾತು ಕೊಟ್ಟಿದ್ದಳು. ಸೋದರತ್ತೆ ಗಂಗುಬಾಯಿ ಫೋನನ್ನು ಕೂಸಿನ ಕಿವಿಗೆ ಹಿಡಿಯಬೇಕು. ರಂಜನಾ ಮುಂಬೈಯಿಂದ "ಕುರ್ರ್" ಎಂದು ಮೆಲ್ಲಗೆ ಹೆಸರು ಹೇಳಬೇಕು. ಆಮೇಲೆ ಎಲ್ಲರೂ ಸೇರಿ ಅತ್ತೆಯ ಬೆನ್ನಿಗೆ ಗುದ್ದಬೇಕು. ಕಿವಿಯಲ್ಲಿ ಹೆಸರು ಹೇಳಿದವರಿಗೆ ಗುದ್ದು ಬೀಳುವುದು ಅವರ ಮನೆಯ ರೂಢಿ.

ಹೆಸರು ಯಾವುದು ಎಂದು ಹನ್ನೆರಡು ದಿನದಿಂದ ಎಲ್ಲರೂ ಕೇಳಿದ್ದರು. ಪಕ್ಕದ ಖೋಲಿಯ ಕಸ್ತೂರಿಬಾಯಿ ಎರಡು ಬೇಸನ್ ಉಂಡೆ ಕೊಟ್ಟು ಕೇಳಿದ್ದಳು. ರಂಜನಾ ಉಂಡೆ ತಿಂದಳು, ಹೆಸರು ಹೇಳಲಿಲ್ಲ. "ನನಗೊಬ್ಬಾಕಿಗೆ ಹೇಳ, ಯಾರಿಗೂ ಹೇಳಂಗಿಲ್ಲ," ಎಂದು ಅವ್ವನೂ ಕೇಳಿದ್ದಳು.

"ನಹೀ! ಸರ್‌ಪ್ರೈಸ್ ಐತಿ. ನಾ ಹೇಳಿದ ಮ್ಯಾಲೇ ಪೂರಾ ಜಮಖಂಡಿಗೆ ಗೊತ್ತಾಗಬೇಕು."

ಹೊಸ ಕನೆಕ್ಷನ್ ಹಾಕಿಸಿದ್ದೂ ಇದಕ್ಕೇ. ಮೊದಲು ಮನೆಯಲ್ಲಿದ್ದದ್ದು ಕೆಳಗಿನ ಗಲ್ಲಿಯ ಕಾಶಪ್ಪನ ನೆಟ್. ಅಪ್ಪನ ಊರಿನವನೇ ಆದ ಕಾಶಪ್ಪ ಛಾವಣಿಯಿಂದ ಛಾವಣಿಗೆ ತಾನೇ ವೈರ್ ಎಳೆದು ಮನೆಮನೆಗೆ ನೆಟ್ ಕೊಡುತ್ತಿದ್ದ. ಆ ನೆಟ್‌ನಲ್ಲಿ ಅವ್ವ "ಊಟ" ಎಂದರೆ "ಊ" ಇವತ್ತು ಬರುತ್ತಿತ್ತು, "ಟ" ನಾಳೆ. ಅಷ್ಟರಲ್ಲಿ ಇಲ್ಲಿ ಅನ್ನ ಆರಿ ಕಲ್ಲಾಗುತ್ತಿತ್ತು. ಇನ್ನು ತಂಗಿ? ಬರೀ ಚೌಕ ಚೌಕ ತುಂಡು. ಕಿವಿ ಯಾವುದು, ಮೂಗು ಯಾವುದು ದೇವರಿಗೇ ಗೊತ್ತು.

"ಕಾಶಪ್ಪ ಅಂಕಲ್, ನಿಮ್ದು ನೆಟ್ ಅಲ್ಲ, ಆಮೆ!" ಎಂದು ರಂಜನಾ ಗುರುವಾರ ಅವನ ಮುಖಕ್ಕೇ ಹೇಳಿದ್ದಳು. "ಹೊಸಾದು ತ್ರೀ ಹಂಡ್ರೆಡ್ ಸ್ಪೀಡ್ ಐತಿ, ಪತಾ ಹೈ?"

"ಆತು ತಂಗಿ," ಎಂದು ಕಾಶಪ್ಪ ಕಿಟಕಿಯಿಂದ ತನ್ನ ವೈರ್ ಬಿಚ್ಚಿ, ಮೊಣಕೈಗೆ ಸುತ್ತಿಕೊಂಡು ಮೆಟ್ಟಿಲು ಇಳಿದು ಹೋಗಿದ್ದ.

ಅವತ್ತಿನಿಂದ ರಂಜನಾ ಅಪ್ಪನ ಫೋನು ಹಿಡಿದುಕೊಂಡು ಸ್ಪೀಡ್ ಟೆಸ್ಟ್ ಮಾಡಿದ್ದೇ ಮಾಡಿದ್ದು. ಬಟನ್ ಒತ್ತಿದರೆ ಮುಳ್ಳು ಸೊಯ್ಯನೆ ಏರಿ ಮುನ್ನೂರಕ್ಕೆ ನಿಲ್ಲುತ್ತಿತ್ತು. ಮೂರು ದಿನದಲ್ಲಿ ಹತ್ತು ಸಾವಿರ ಸಲ ಒತ್ತಿದಳು. ಹೋಗಲಿ, ನೂರು ಸಲ. ಅದಕ್ಕಿಂತ ಕಡಿಮೆ ಹೇಳು ಎಂದರೆ ಕತೆ ಹೇಳುವ ನನ್ನಿಂದ ಆಗದು.

ಇವತ್ತು ಬೆಳಿಗ್ಗೆ ಮಾತ್ರ ಮುಳ್ಳು ಹದಿನಾಲ್ಕಕ್ಕೆ ನಿಂತಿತು. "ಥೋಡಾ ಸ್ಲೋ ಆಗೈತಿ, ಏರತೈತಿ," ಎಂದು ಮತ್ತೆ ಒತ್ತಿದಳು. ಹನ್ನೊಂದು. ಮತ್ತೆ ಒತ್ತಿದಳು. ಒಂಬತ್ತು. ಮೂವತ್ತು ಸಲ ಒತ್ತಿದ ಮೇಲೆ ಟಿಂಗ್ ಎಂದು ಮೆಸೇಜ್ ಬಂತು: ಇಂದಿನ ಡೇಟಾ ಪೂರ್ತಿ ಮುಗಿದಿದೆ.

ಈಗ ಕೆಂಪು ಲೈಟು ನೋಡಿದಾಗ ಇಬ್ಬರಿಗೂ ವಿಷಯ ತಿಳಿಯಿತು. ವೈಫೈ ಬೆಳಿಗ್ಗೆಯೇ ಸತ್ತಿತ್ತು. ಫೋನು ಸದ್ದಿಲ್ಲದೆ ತನ್ನ ಸ್ವಂತ ಡೇಟಾಕ್ಕೆ ಹಾರಿತ್ತು. ಮೂವತ್ತು ಸಲ ಅಳೆದದ್ದು ಆ ಡೇಟಾವನ್ನೇ. ಅಳೆದು ಅಳೆದೇ ರಂಜನಾ ಅದನ್ನು ಖಾಲಿ ಮಾಡಿದ್ದಳು.

ಅಪ್ಪ ವೈಫೈ ಕಂಪನಿಗೆ ಫೋನ್ ಹಚ್ಚಿದ. ಏಳು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಬಂದು, ಲೈನ್ ಸರಿಯಾಗೇ ಇದೆ ಎಂದಳು. "ಸರ್, ಆಪ್‌ಕೀ ಲೈನ್ ಬಿಲ್‌ಕುಲ್ ಠೀಕ್ ದಿಖ್ ರಹೀ ಹೈ."

"ಮೇಡಂ, ಇಧರ್ ಲಾಲ್ ಬತ್ತಿ ಹೈ!"

"ಚೌಬೀಸ್ ಘಂಟೇ ಮೇ ಹಮಾರಾ ಆದ್ಮೀ ಆಯೇಗಾ, ಸರ್."

ಇಪ್ಪತ್ನಾಲ್ಕು ಗಂಟೆಯೊಳಗೆ ಬರುತ್ತಾರಂತೆ! ಗಡಿಯಾರದಲ್ಲಿ ಆಗಲೇ ಹನ್ನೊಂದು ಐವತ್ತೈದು.

"ರಂಜೂ, ಸಾದಾ ಕಾಲ್ ಹಚ್ಚಲೇನ?"

"ಬ್ಯಾಡ ಅಪ್ಪಾ! ವಿಡಿಯೋನೇ ಬೇಕು. ಅದರ ಕಿವಿ ನೋಡ್ಕೋತ ಹೇಳಬೇಕು ನಾ. ದೋ ಮಿನಿಟ್!"

ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿದಳು, ಆನ್ ಮಾಡಿದಳು. ಕೆಂಪು. ಮತ್ತೆ ಆಫ್, ಮತ್ತೆ ಆನ್. ಕೆಂಪು. ವೈರ್‌ಗೆ ಊದಿದಳು. ಪೆಟ್ಟಿಗೆಯನ್ನು ಟವಲಿನಿಂದ ಒರೆಸಿದಳು. ಗಣಪತಿಗೆ ಐದು ಸಾವಿರ ಮೋದಕ ಹೇಳಿಕೊಂಡಳು. ಕೆಂಪು. ಅವಳ ಎರಡು ನಿಮಿಷ ಮುಗಿಯುವಷ್ಟರಲ್ಲಿ ಹನ್ನೆರಡು ಐದಾಗಿತ್ತು.

ಅಪ್ಪ ಇನ್ನು ಕೇಳಲಿಲ್ಲ, ಸಾದಾ ಕಾಲ್ ಹಚ್ಚಿದ. ರಿಂಗ್ ಆಯಿತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ. ಅಲ್ಲಿ ಹೆಂಗಸರೆಲ್ಲ ಸೇರಿ ಜೋಗುಳ ಹಾಡುತ್ತಿರಬೇಕು. ಆ ಗದ್ದಲದಲ್ಲಿ ಫೋನು ಯಾರಿಗೆ ಕೇಳಬೇಕು?

ರಂಜನಾ ಫೋನು ಕಿತ್ತುಕೊಂಡು ಓಡಿದಳು. ನಾಲ್ಕು ಮಹಡಿಯ ಮೆಟ್ಟಿಲಿಗೆ ಅವಳ ಕಾಲು ತಾಗಲೇ ಇಲ್ಲ ಎಂದರೆ ನೀವು ನಂಬಲೇಬೇಕು. ಕಾಶಪ್ಪ ತನ್ನ ಅಂಗಡಿಯಲ್ಲಿ ಕೂತು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ.

"ಅಂಕಲ್… ನೆಟ್… ತಂಗಿ…" ಅವಳು ಏದುಸಿರು ಬಿಡುತ್ತಿದ್ದಳು.

ಕಾಶಪ್ಪ ಆಮೆಯ ಮಾತು ಎತ್ತಲಿಲ್ಲ. ಎಡಗೈಯಲ್ಲೇ ತನ್ನ ಫೋನಿನ ಹಾಟ್‌ಸ್ಪಾಟ್ ಹಚ್ಚಿದ. "ತಗೋ ತಂಗಿ, ಕನೆಕ್ಟ್ ಮಾಡ್ಕೋ. ಲಗೂನ."

ಮೊದಲ ವಿಡಿಯೋ ಕಾಲ್ ಯಾರೂ ಎತ್ತಲಿಲ್ಲ. ಎರಡನೆಯದನ್ನೂ ಎತ್ತಲಿಲ್ಲ. ಮೂರನೆಯದಕ್ಕೆ ಗಂಗುಬಾಯಿ ಅತ್ತೆ ಕಾಣಿಸಿದಳು. ಅತ್ತೆ ನಗುತ್ತಾ ಬೆನ್ನು ಉಜ್ಜಿಕೊಳ್ಳುತ್ತಿದ್ದಳು.

ಅದನ್ನು ನೋಡಿದ ಕೂಡಲೇ ರಂಜನಾಳಿಗೆ ಎಲ್ಲ ಗೊತ್ತಾಯಿತು.

"ಎಲ್ಲಿದ್ದಿ ಯವ್ವಾ, ರಂಜೂ? ನಿನ್ನ ದಾರಿ ನೋಡೇ ನೋಡಿದ್ವಿ. ಹೊತ್ತು ಮೀರಾಕ ಹತ್ತಿತ್ತು. ನೀ ಇಟ್ಟ ಹೆಸರು ಹೇಳೋಣಂದ್ರ ಯಾರಿಗೂ ಗೊತ್ತಿಲ್ಲ. ನಿಮ್ಮವ್ವ ಅಳಕೋತ ಕುಂತಳು. ಕಡೀಕ ಮುತ್ತಜ್ಜಿ ಹೆಸರ ಇಟ್ವಿ. ಭುವನೇಶ್ವರಿ."

ಅತ್ತೆ ಫೋನನ್ನು ತೊಟ್ಟಿಲ ಕಡೆ ತಿರುಗಿಸಿದಳು. ಚಿತ್ರ ಒಂದು ಸಲವೂ ನಿಲ್ಲಲಿಲ್ಲ, ಒಂದು ಚೌಕವೂ ಒಡೆಯಲಿಲ್ಲ. ಕೂಸಿನ ಗಲ್ಲದ ಕಾಡಿಗೆ ಬೊಟ್ಟು ಕಂಡಿತು. ಶೇಂಗಾ ಕಾಳಿನಷ್ಟು ಚಿಕ್ಕ ಕಿವಿ ಕಂಡಿತು. ಹಿಂದೆ ಯಾರೋ ಆಗಲೇ ಹೂವು ಗುಡಿಸುತ್ತಿದ್ದರು.

ಕಾಶಪ್ಪನ ರೊಟ್ಟಿ ತಟ್ಟೆಯಲ್ಲಿ ಒಣಗುತ್ತಿತ್ತು.

ಸಂಜೆ ಪೆಟ್ಟಿಗೆ ತಾನಾಗಿಯೇ ಹಸಿರಾಯಿತು. "ರಂಜೂ, ಬಂತು ನೋಡ! ಟೆಸ್ಟ್ ಮಾಡ," ಎಂದ ಅಪ್ಪ. ರಂಜನಾ ಸ್ಟೂಲ್ ಹತ್ತಿ ಹಿಟ್ಟಿನ ಡಬ್ಬಿಯನ್ನು ಪೆಟ್ಟಿಗೆಯ ಮುಂದಕ್ಕೆ ಸರಿಸಿ ಇಳಿದಳು. ಬಟನ್ ಒತ್ತಲಿಲ್ಲ.

ಆಮೇಲೆ ಅವ್ವನ ಕಾಲ್ ಬಂತು. ಅವ್ವನ ಕಣ್ಣು ಊದಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

"ಈಗರೆ ಹೇಳ ರಂಜೂ. ಯಾವ ಹೆಸರ ಇಟ್ಕೊಂಡಿದ್ದಿ?"

ರಂಜನಾಳ ಬಾಯಿ ತೆರೆಯಿತು. ಈಗ ಹೇಳಿದರೆ ಅವ್ವ ಮತ್ತೆ ಅಳುತ್ತಾಳೆ. ಆ ಹೆಸರನ್ನು ಅವ್ವ ಕೇಳಿದ ದಿನವೇ ಹೇಳಬೇಕಿತ್ತು. ಹೇಳಿದ್ದರೆ ಇವತ್ತು ಅವ್ವ ಅತ್ತೆಯಿಂದ ಕೂಸಿನ ಕಿವಿಯಲ್ಲಿ ಅದನ್ನೇ ಹೇಳಿಸುತ್ತಿದ್ದಳು. ತೆರೆದ ಬಾಯಿ ಮುಚ್ಚಿತು.

"ಭುವನೇಶ್ವರಿ ಛಲೋ ಐತಿ, ಅವ್ವಾ."

ಈ ಗಲ್ಲಿಯಲ್ಲಿ ನನಗೆ ಗೊತ್ತಿಲ್ಲದ ಗುಟ್ಟು ಒಂದೂ ಇಲ್ಲ. ಯಾರ ಮನೆಯ ಬೆಕ್ಕು ಯಾರ ಮನೆಯ ಹಾಲು ಕುಡಿಯಿತು ಎಂಬುದೂ ಗೊತ್ತು. ಆ ಹೆಸರು ಮಾತ್ರ ನನಗೂ ಗೊತ್ತಿಲ್ಲ.

"ಅವ್ವಾ, ಫೋನ್ ಅದರ ಕಿವೀ ಹತ್ರ ಹಿಡಿ."

ಅವ್ವ ಹಿಡಿದಳು.

"ಕುರ್ರ್," ಎಂದಳು ರಂಜನಾ, ತೀರ ಮೆಲ್ಲಗೆ. "ಭುವನೇಶ್ವರಿ."

ಕೂಸು ನಿದ್ದೆಯಲ್ಲಿತ್ತು. ಇಲ್ಲಿ ರಂಜನಾಳ ಬೆನ್ನಿಗೆ ಯಾರೂ ಗುದ್ದಲಿಲ್ಲ.