ಒಂದೂವರೆ ಸೆಕೆಂಡು

ಬೆಳಗಿನ ಐದಕ್ಕೆ ರಕ್ಷಿತಾಳ ಕಿವಿಯ ಹಿಂದೆ ಅಂಟಿದ್ದ, ತೊಗರಿಬೇಳೆಯಷ್ಟು ಗಾತ್ರದ ಬಿಲ್ಲೆ ಒಮ್ಮೆ ಮಿಡಿಯಿತು. ಕಣ್ಣು ತೆರೆಯುವುದಕ್ಕೂ ಪಾದ ನೆಲ ಮುಟ್ಟುವುದಕ್ಕೂ ನಡುವೆ ಬಿಡುವೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಅವಳು ಧಾರವಾಡದ ತನ್ನ ಗರಡಿಮನೆಯಲ್ಲಿ ಸಲಿಕೆ ಹಿಡಿದು, ಎಣ್ಣೆ ಮಜ್ಜಿಗೆ ಅರಿಸಿನ ಕುಡಿದು ಹದಗೊಂಡ ಕೆಮ್ಮಣ್ಣನ್ನು ಅಗೆದು ಸಡಿಲಿಸುತ್ತಿದ್ದಳು.

ಇಪ್ಪತ್ತೊಂದನೆಯ ಶತಮಾನವು ಅರವತ್ತನ್ನು ದಾಟಿದ್ದ ಆ ದಿನಗಳಲ್ಲಿ ಅಂಥ ಬಿಲ್ಲೆ ಸಾವಿರಾರು ಜನರ ಕಿವಿಯ ಹಿಂದಿತ್ತು. ಅದನ್ನು ಕಂಡುಹಿಡಿದ ಡಾ. ಮೇಘನಾ ಹಂಚಿನಾಳ ಅದಕ್ಕೆ 'ರೂಢಿಕ' ಎಂದು ಹೆಸರಿಟ್ಟಿದ್ದರು. ಯಾವುದೇ ಕೆಲಸಕ್ಕೆ ಏಳುವ ಮುನ್ನ ಮಿದುಳು 'ಹೋಗಲೋ, ಬೇಡವೋ' ಎಂದು ತೂಗಿ ನೋಡುತ್ತದೆ. ಅಲಾರಾಂ ಅಮುಕಿ ಹೊದಿಕೆ ಎಳೆದುಕೊಂಡು, ಆಮೇಲೆ ನಮ್ಮನ್ನು ನಾವೇ ಬೈದುಕೊಳ್ಳುವ ನಮಗೆಲ್ಲ ಪರಿಚಿತವಾದ ಒಂದೂವರೆ ಸೆಕೆಂಡು ಅದು. ರೂಢಿಗಳನ್ನು ಕಾಯುವ, ಮಿದುಳಿನ ಆಳದ ನರಗಂಟಿಗೆ ಮೆಲುವಾದ ವಿದ್ಯುತ್ ಮಿಡಿತ ಕಳುಹಿಸಿ ರೂಢಿಕವು ಆ ತೂಗಾಟವನ್ನೇ ದಾಟಿಸಿಬಿಡುತ್ತಿತ್ತು.

ತಂದೆ ಬಸಲಿಂಗ ಪೈಲ್ವಾನರು ತೀರಿದ ಮೇಲೆ ರಕ್ಷಿತಾ ಹಾಸಿಗೆ ಬಿಟ್ಟೇಳಲಾರದೆ ಗರಡಿಗೆ ಬೀಗ ಬಿದ್ದಿತ್ತು. ಕುಸ್ತಿ ಕಲಿಯುತ್ತಿದ್ದ ಹುಡುಗಿಯರು ಚದುರಿದ್ದರು. ರೂಢಿಕವೇ ಎಲ್ಲರನ್ನೂ ಮರಳಿ ತಂದಿತ್ತು.

ಅಂದು ಅರ್ಧ ಮಣ್ಣು ಅಗೆದಾಗ ಶಿಷ್ಯೆ ಲಾವಣ್ಯ ಬಾಗಿಲಲ್ಲಿ ನಿಂತು ನಕ್ಕಳು.

"ಏನ್ರೀ ಉಸ್ತಾದ್ರ, ಅಮಾಸಿ ದಿನಾನೂ ಮಣ್ಣಿಗೆ ಸೂಟಿ ಇಲ್ಲೇನ್ರೀ? ನಾ ಬರೇ ಮರತ ಟಾವೆಲ್ ಒಯ್ಯಾಕ ಬಂದೇನಿ!"

ಸಲಿಕೆ ಕೈಯಿಂದ ಜಾರಿತು. ಅಮಾವಾಸ್ಯೆಯಂದು ಗರಡಿಯ ಮಣ್ಣಿಗೆ ಕಬ್ಬಿಣ ತಾಗಿಸಬಾರದೆಂಬುದು ತಂದೆಯ ನೇಮ. ಅವರು ತೀರಿ ವರ್ಷ ತುಂಬಿದ ಅಮಾವಾಸ್ಯೆಯೂ ಅದೇ.

ಮಧ್ಯಾಹ್ನ ಅವಳು ಡಾ. ಮೇಘನಾರ ಎದುರು ಕುಳಿತಿದ್ದಳು.

"ಮೊದ್ಲ ಎಚ್ಚರಾದ ಕೂಡ್ಲೇ ಅಪ್ಪನ ದನಿ ಕೇಳತಿತ್ರೀ ಡಾಕ್ಟರ್ ಬಾಯಾರ. 'ರಕ್ಷವ್ವಾ ಏಳು, ಮಣ್ಣು ಕಾಯಾಕತ್ತೈತಿ' ಅಂತ. ಅಳತಿದ್ದೆ, ಹೊಳ್ಳಿ ಮಲಗತಿದ್ದೆ. ಈಗ ಏಳತೇನಿ. ದನಿ ಕೇಳವಲ್ದು. ಈ ಬಿಲ್ಲೆ ತೆಗೀರಿ."

"ಆ ದನಿ ಇದ್ದದ್ದು ಆ ಒಂದೂವರೆ ಸೆಕೆಂಡಿನ್ಯಾಗ. ಅಲ್ಲಿ ಬರೇ ಆಲಸ್ಯ ಐತಿ ಅಂತ ತಿಳಿದಿದ್ದೆ ನಾನು," ಎಂದರು ಮೇಘನಾ. "ಬಿಲ್ಲೆ ತೆಗೆದ ಮ್ಯಾಲೆ ಏಳಾಕ ಆಗದಿದ್ರ? ಗರಡಿ?"

"ಹುಡುಗ್ಯಾರು ಹೋದ್ರ ಹೋಗಲಿ ಅನ್ನಾಕ ಬಾಯಿ ಬರವಲ್ದು. ಆದ್ರೂ ತೆಗೀರಿ."

ಬಿಲ್ಲೆ ತೆಗೆಸಿದ ಮೇಲೆ ಮೂರು ಬೆಳಗು ದನಿಯೂ ಬರಲಿಲ್ಲ, ಅವಳೂ ಏಳಲಿಲ್ಲ. ಹುಡುಗಿಯರು ಮುಚ್ಚಿದ ಬಾಗಿಲು ನೋಡಿ ಹಿಂದಿರುಗಿದರು. ನಾಲ್ಕನೆಯ ದಿನ ಅವಳು ಸೂರು ನೋಡುತ್ತ ಮಲಗಿದ್ದಾಗ, ಬಲು ದೂರದಿಂದೆಂಬಂತೆ ಕೇಳಿತು: "ರಕ್ಷವ್ವಾ..."

ಅವಳು ಮನಸಾರೆ ಅತ್ತಳು. ಮಗ್ಗಲು ಬದಲಿಸಬೇಕೆನಿಸಿತು. ಬಹಳ ಹೊತ್ತು ತೂಗಿ ನೋಡಿ, ಆಮೇಲೆ ಎದ್ದಳು.

ಗರಡಿಯ ಕಟ್ಟೆಯ ಮೇಲೆ ಲಾವಣ್ಯ ಒಬ್ಬಳೇ ಕಾಯುತ್ತಿದ್ದಳು.

"ಹೊತ್ತೇರಿತಲ್ರೀ ಉಸ್ತಾದ್ರ!"

"ಹೌದವಾ," ಎಂದು ರಕ್ಷಿತಾ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡಳು. "ಅಪ್ಪ ಸರಿಯಾಗಿ ಐದಕ್ಕ ಕರದ್ರು. ಏಳಾಕ ನನಗ ಹೊತ್ತು ಹಿಡೀತು."