ಎರಡನೆಯ ಕರು

"ಬಾಟಲಿ ಕೆಳಗಿಡಿ!"

ಕೊಟ್ಟಿಗೆಯ ಬಾಗಿಲಲ್ಲಿ ಕೇಳಿದ ಗಂಡುದನಿಗೆ ಅವಳು ಬೆಚ್ಚಿದಳು.

"ಹೇಳೋಕೆ ನೀವ್ಯಾರು?"

"ಹೊಸ ಪಶುವೈದ್ಯ. ನಿಮ್ಮ ದೊಡ್ಡಮ್ಮ ಫೋನ್ ಮಾಡಿದ್ರು."

ಕೆಂಪು ಹಸು ಬೆಳಗಿನ ಜಾವ ಅವಳಿ ಕರು ಹಾಕಿತ್ತು. ಮೊದಲನೆಯದನ್ನು ನೆಕ್ಕಿ ನೆಕ್ಕಿ ಒಣಗಿಸಿತ್ತು. ಎರಡನೆಯದು ಕೆಚ್ಚಲಿಗೆ ಬಾಯಿಟ್ಟರೆ ಸಾಕು, ಒದೆ!

"ಗಿಣ್ಣುಹಾಲು ಕುಡಿಸಿದ್ದೀರಾ?"

"ಕರೆದು ಎರಡಕ್ಕೂ ಕುಡಿಸಿದ್ದೀನಿ."

"ಹಾಗಾದ್ರೆ ಸಂಜೆವರೆಗೆ ನೋಡೋಣ. ಈಗಲೇ ಬಾಟಲಿಯಲ್ಲಿ ಹೊಟ್ಟೆ ತುಂಬಿಸಿದ್ರೆ ಇದು ತಾಯಿ ಹತ್ರ ಹೋಗಲ್ಲ."

"ಒದೆ ತಿನ್ನೋಕೆ ಹೋಗಬೇಕಾ?"

'ಎಂಥ ಕಲ್ಲು ಮನುಷ್ಯ!'

ಅವಳ ಕಣ್ಣು ತುಂಬಿತು. ಹಸುಗೂಸಾಗಿದ್ದಾಗಲೇ ಅವಳನ್ನು ದೊಡ್ಡಮ್ಮನ ಮಡಿಲಿಗೆ ಹಾಕಿ ಹೋದ ಅಮ್ಮ ಮತ್ತೆ ತಿರುಗಿ ನೋಡಿರಲಿಲ್ಲ...

ಅವನು ಹೊರಡಲಿಲ್ಲ. ದೊಡ್ಡ ಕರುವಿನ ಮೈಯೊರೆಸಿದ ಗೋಣಿಯನ್ನು ಪುಟ್ಟದರ ಬೆನ್ನಿಗೆ ತಿಕ್ಕಿ, ವಾಸನೆ ಹತ್ತಿಸಿ, ಮೆಲ್ಲಗೆ ಕೆಚ್ಚಲಿಗೆ ಬಿಟ್ಟ. ಹಸು ಕಾಲೆತ್ತಿತು. ಕರುವಿಗೆ ಬೀಳಬೇಕಿದ್ದ ಒದೆ ಅವನ ಮೊಣಕಾಲಿಗೆ ಬಿತ್ತು. ಅಡ್ಡ ಬಂದಿದ್ದು ಅವನೇ!

ತುಟಿ ಕಚ್ಚಿಕೊಂಡೇ ಅವನು ಕೆಚ್ಚಲು ಮುಟ್ಟಿ ನೋಡಿದ.

"ಒಂದು ಕಡೆ ಬಾತಿದೆ. ಪುಟ್ಟದು ಅಲ್ಲೇ ಬಾಯಿಡ್ತಿದೆ. ಪಾಪ, ನೋವಿಗೆ ಒದೀತಿದೆ, ದ್ವೇಷಕ್ಕಲ್ಲ. ವಾಸಿ ಮಾಡ್ತೀನಿ. ಆದ್ರೆ ಎರಡಕ್ಕೂ ಹಾಲು ಸಾಲಲ್ಲ. ಬಾಟಲಿ ತನ್ನಿ."

"ಸಂಜೆವರೆಗೆ ಅಂದ್ರಲ್ಲ?"

"ಕರು ಪಕ್ಕೆ ನೋಡಿ, ಒಳಗೆ ಹೋಗಿದೆ. ಇನ್ನು ಕಾದ್ರೆ ತಪ್ಪಾಗುತ್ತೆ."

ನೋವಿಗೆ... ದ್ವೇಷಕ್ಕಲ್ಲ. ಆ ಮಾತು ಅವಳ ಎದೆಯಲ್ಲೆಲ್ಲೋ ಸಿಕ್ಕಿಕೊಂಡಿತು. ಕರು ಬಾಟಲಿಗೆ ಬಾಯಿಟ್ಟು ಚಪ್ಪರಿಸತೊಡಗಿದಾಗ ಅವಳು ಅಳುತ್ತಲೇ ನಕ್ಕಳು. ಅವನು ಕಂಡೂ ಕಾಣದಂತೆ ಮುಖ ತಿರುಗಿಸಿಕೊಂಡ.

ಆಮೇಲೆ ದಿನವೂ ಬಂದ. ಕೆಚ್ಚಲು ವಾಸಿಯಾದ ಮೇಲೂ ಬಂದ!

ಒಮ್ಮೆ ದೊಡ್ಡಮ್ಮ ಕಿಸಕ್ಕನೆ ನಕ್ಕರು. "ಕರುಗಳು ಗುಂಡುಕಲ್ಲಿನ ಹಾಗಿವೆ. ಕಾಯಿಲೆ ಡಾಕ್ಟರಿಗೇ ಇರಬೇಕು!"

ಅವನು ಕೆಂಪಾದ. ಮರುದಿನದಿಂದ ಬರಲೇ ಇಲ್ಲ.

ಬಾಗಿಲು ಸದ್ದಾದಾಗಲೆಲ್ಲ ಅವಳು ಎದ್ದು ನೋಡುವಳು. 'ಇವನೂ ಬಿಟ್ಟು ಹೋದನಾ?' ಕೊನೆಗೆ ತಡೆಯಲಾರದೆ ಪಶು ಆಸ್ಪತ್ರೆಗೇ ನಡೆದಳು.

ಅವಳನ್ನು ಕಂಡದ್ದೇ ಅವನು ಗಾಬರಿಯಿಂದ ಎದ್ದ. "ಕರುಗೆ ಏನಾಯ್ತು?"

"ಅದು ಚೆನ್ನಾಗಿದೆ. ನಾನೇ ಚೆನ್ನಾಗಿಲ್ಲ... ಯಾಕೆ ಬರಲಿಲ್ಲ?"

"ದೊಡ್ಡಮ್ಮ ನಕ್ಕಾಗ ನೀವು ತಲೆ ತಗ್ಗಿಸಿದ್ರಿ. ಬೇಜಾರಾಯ್ತೇನೋ ಅಂದ್ಕೊಂಡೆ."

"ಅಯ್ಯೋ, ಅದು ನಾಚಿಕೆ! ಹಸುವಿನ ನೋವು ತಿಳಿಯುತ್ತೆ, ಇದು ತಿಳಿಯಲ್ವಾ? ಒಂದು ಮಾತು ಕೇಳಬಾರದಿತ್ತಾ?"

"ಈಗ ಕೇಳ್ತೀನಿ. ನನ್ನ ಜೊತೆ ಬಾಳ್ತೀರಾ?"

"ಬಾಳ್ತೀರಾ ಅಲ್ಲ... 'ಬಾಳ್ತೀಯಾ' ಅನ್ನಿ."

"ಮೊದಲು ನೀವು 'ಅನ್ನು' ಅನ್ನಿ."

ಅವಳು ಹತ್ತಿರ ಬಂದು ಅವನ ಕೈ ಹಿಡಿದಳು.

"ಅನ್ನು..."