ಅಕ್ಕ ಅರ್ಧಕ್ಕೆ ಬಿಟ್ಟ ಹುರಿ

ಅಕ್ಕ ತೀರಿಕೊಂಡಾಗ ಅವಳು ಹೆಣೆಯುತ್ತಿದ್ದ ಹುರಿ ರಟ್ಟಿನ ಬಿಲ್ಲೆಯಲ್ಲೇ ಉಳಿದಿತ್ತು. ಅಂಚಿನ ಸೀಳುಗಳಲ್ಲಿ ಬಣ್ಣದ ಎಳೆಗಳು, ನಡುವಿನ ತೂತಿನಿಂದ ಕೆಳಗಿಳಿದ ಅರ್ಧ ಹೆಣಿಗೆ.

"ಬಿಚ್ಚಿ ಎಸೆದುಬಿಡೇ, ನೋಡಕ್ಕಾಗಲ್ಲ" ಅಂದಳು ಅಮ್ಮ. ನಾನೇ ಮುಗಿಸುತ್ತೇನೆಂದು ಹಟ ಹಿಡಿದೆ.

ನನ್ನ ಕೈ ಮೊದಲಿನಿಂದಲೂ ಸಡಿಲ. ಹೆಣೆಯಲು ಕಲಿಸುವಾಗ, "ಹುರಿ ಮಾಡು ಅಂದ್ರೆ ಎರೆಹುಳ ಮಾಡಿದೀಯಲ್ಲೇ!" ಎಂದು ನಗುತ್ತಾ ಅಕ್ಕ ಹೆಣಿಗೆ ಬಿಗಿಯಾಗಲೆಂದು ಕೆಳಗಿನಿಂದ ತುದಿ ಜಗ್ಗಿ ಹಿಡಿಯುತ್ತಿದ್ದಳು.

ನಾನೊಬ್ಬಳೇ ಹೆಣೆಯಲು ಕೂತ ಮಧ್ಯಾಹ್ನ ಬಿಸಿಲಿದ್ದರೂ ಕೋಣೆ ತಣ್ಣಗಿತ್ತು. ನಾನು ಎಳೆ ದಾಟಿಸಿದಾಗಲೆಲ್ಲ ಹುರಿಯನ್ನು ಕೆಳಗಿನಿಂದ ಮೆಲ್ಲಗೆ ಜಗ್ಗಿದಂತಾಗುತ್ತಿತ್ತು. ಬಗ್ಗಿ ನೋಡಲಿಲ್ಲ, ನೋಡಿದರೆ ನಿಂತುಹೋದೀತು ಎನಿಸಿತು.

ಅಮ್ಮ ಬಂದು ಹುರಿ ಸವರಿದಳು. "ಅವಳದು ಎಲ್ಲಿಗೆ ಮುಗೀತು, ನಿಂದು ಎಲ್ಲಿಂದ ಶುರುವಾಯ್ತೇ?"

ನನಗೂ ಗುರುತು ಸಿಗಲಿಲ್ಲ.

ಕೊನೆಯ ಗಂಟು ನಾನಿನ್ನೂ ಹಾಕಿಲ್ಲ. ಬಿಲ್ಲೆಯನ್ನು ಮೊಳೆಗೆ ತೂಗುಹಾಕಿದ್ದೇನೆ. ಫ್ಯಾನ್ ಹಾಕಿದರೆ ಪರದೆ ಹಾರಾಡುತ್ತದೆ. ತುದಿಗೆ ಏನೂ ಕಟ್ಟದ ಹುರಿ ಮಾತ್ರ ನೆಟ್ಟಗೆ, ಬಿಗಿಯಾಗಿ ನಿಂತಿರುತ್ತದೆ.